ಬಟ್ಟಲು ಮೇಲೆ, ಉಬ್ಬು ಕೆಳಗೆ

ಮೊದಲ ಕಂಪ್ಲೇಂಟ್ ತಂದವರು ಬಸ್ ಡ್ರೈವರಣ್ಣ. ಕನ್ನಡಕದಂಗಡಿ ಬಾಗಿಲು ತಳ್ಳಿಕೊಂಡು ಬಂದವರೇ, ಹೋದ ವಾರ ತಗೊಂಡಿದ್ದ ಹೊಸ ಕನ್ನಡಕ ತೆಗೆದು ಕೌಂಟರ್ ಮೇಲಿಟ್ಟರು. ಕಚ್ಚಿದ ನಾಯಿನ ನೋಡೋ ಹಾಗೆ ಅದನ್ನೇ ದುರುಗುಟ್ಟಿಕೊಂಡು ನಿಂತರು.

"ಏನಾಯ್ತಣ್ಣ?" ಅಂದಳು ಕೌಂಟರಲ್ಲಿದ್ದ ಅಕ್ಕ.

"ಎಲ್ಲಾ ಚಿಕ್ಕದಾಗಿ ಕಾಣುತ್ತಮ್ಮ. ಸ್ಟಾಪಲ್ಲಿ ನಿಂತಿರೋ ಜನ ಇರುವೆ ಥರ. ಮೆಟ್ಟಿಲಿಳಿಯೋಕೆ ಕಾಲು ಹಾಕಿದ್ರೆ ನೆಲ ಎಲ್ಲೋ ಪಾತಾಳದಲ್ಲಿದೆ. ಸಂಜೆ ಹೊತ್ತಿಗೆ ತಲೆ ಸಿಡಿದು ಹೋಗುತ್ತೆ. ನೀನೂ ಸಣ್ಣ ಆಗಿದ್ದೀಯ ಕಣೇ ಅಂತ ಹೆಂಡತಿಗೆ ಹೇಳಿದೆ. ಅವಳಿಗೆ ಖುಷಿಯೋ ಖುಷಿ, ಈ ಕನ್ನಡಕ ಬದಲಾಯಿಸಬೇಡಿ ಅಂತಿದ್ದಾಳೆ!"

ಕಪಾಟುಗಳ ಆಚೆ ಕೂತು ಲೆನ್ಸಿನ ಅಂಚು ಉಜ್ಜುತ್ತಿದ್ದ ಅವಳ ತಮ್ಮ ಟ್ರೇಲರ್ ಕಿಸಕ್ ಅಂತ ನಕ್ಕುಬಿಟ್ಟ. ನಕ್ಕ ಮೇಲೆ ಬೆನ್ನಿಗೆ ಏನೋ ಚುಚ್ಚಿದ ಹಾಗಾಯ್ತು. ತಿರುಗಿ ನೋಡಿದರೆ ಅಪ್ಪ. ಮಾಡ್ತಿದ್ದ ಕೆಲಸ ನಿಲ್ಲಿಸಿ ಇವನನ್ನೇ ನೋಡ್ತಿದ್ದಾರೆ. ಮಾತಿಲ್ಲ ಕತೆಯಿಲ್ಲ, ಬರೀ ಕ್ಲೋಸಪ್.

ಟ್ರೇಲರ್ ಅನ್ನೋದು ಅಪ್ಪ ಇಟ್ಟ ಹೆಸರೇ. "ನನ್ನ ಮಗ ಇಪ್ಪತ್ತಮೂರು ವರ್ಷದಿಂದ ಟ್ರೇಲರ್ ತೋರಿಸ್ತಿದ್ದಾನೆ, ಪಿಕ್ಚರ್ ಮಾತ್ರ ರಿಲೀಸ್ ಆಗ್ತಿಲ್ಲ" ಅಂತ ಬಂದವರಿಗೆಲ್ಲ ಹೇಳೋರು. ಅವನಿಗೆ ಅದರಲ್ಲಿ ಬೇಜಾರೇನೂ ಇರಲಿಲ್ಲ. ಹಲ್ಲುಜ್ಜೋದಕ್ಕೂ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಹಾಕಿಕೊಳ್ಳೋ ಆಸಾಮಿ ಅವನು. ಬಾಗಿಲು ತೆಗೆದರೆ ಎಂಟ್ರಿ, ಟೀ ಕುಡಿದರೆ ಇಂಟರ್ವಲ್.

ಆದರೆ ಅಪ್ಪನ ಆ ಕ್ಲೋಸಪ್‌ಗೆ ಒಂದು ಫ್ಲ್ಯಾಶ್‌ಬ್ಯಾಕ್ ಇತ್ತು. ಎರಡು ವರ್ಷದ ಹಿಂದೆ ಪಕ್ಕದ ಕ್ಷೌರದಂಗಡಿಯವರ ಕನ್ನಡಕಕ್ಕೆ ಟ್ರೇಲರ್ ಸಿಕ್ಕಾಪಟ್ಟೆ ತಗ್ಗಿರೋ ಲೆನ್ಸ್ ಹಾಕಿ, "ಹೊಸ ಮಾಡೆಲ್ ಅಣ್ಣ, ನಿಮಗೇ ಮೊದಲು" ಅಂತ ಕೊಟ್ಟಿದ್ದ. ನಡು ತಗ್ಗಾಗಿರೋ ಲೆನ್ಸಲ್ಲಿ ನೋಡಿದರೆ ಎಲ್ಲಾ ಚಿಕ್ಕದಾಗಿ ಕಾಣುತ್ತೆ, ತಗ್ಗು ಜಾಸ್ತಿಯಾದಷ್ಟೂ ಇನ್ನೂ ಚಿಕ್ಕದು. ಪಾಪ ಆ ಮನುಷ್ಯ ಗಿರಾಕಿ ತಲೆ ನಿಂಬೆಹಣ್ಣಿನಷ್ಟು ಕಂಡು, ಕತ್ತರಿ ಕೆಳಗೆ ಹಾಕಿ ಬೀದಿಗೆ ಓಡಿ ಬಂದಿದ್ದರು. ಬೀದಿಗೆ ಬೀದಿಯೇ ನಕ್ಕಿತ್ತು. ಅಪ್ಪ ನಕ್ಕಿರಲಿಲ್ಲ. "ಜನರ ಕಣ್ಣಿನ ಜೊತೆ ಆಟ ಆಡೋನು ನನ್ನ ಬೆಂಚಿಗೆ ಬೇಡ" ಅಂದಿದ್ದರು.

ಬೆಂಚು ಅಂದರೆ ಲೆನ್ಸ್ ಉಜ್ಜೋ ಬೆಂಚು. ಟ್ರೇಲರಿಗೆ ಆಸೆ ಅಂತ ಇದ್ದಿದ್ದು ಅದೊಂದೇ. ಮೂರು ವರ್ಷದಿಂದ ಅವನಿಗೆ ಸಿಕ್ಕಿದ್ದು ಬರೀ ಅಂಚು, ಅಂದರೆ ಯಾರೋ ಮಾಡಿದ ಲೆನ್ಸನ್ನ ಫ್ರೇಮಿಗೆ ಕೂರೋ ಹಾಗೆ ಸವರೋ ಕೆಲಸ. ಕ್ಷೌರದಂಗಡಿ ಸೀನ್ ಆದಮೇಲೆ ಎರಡು ವರ್ಷ ಬಾಯಿ ಮುಚ್ಚಿಕೊಂಡು, ಒಂದು ಕಿತಾಪತಿನೂ ಮಾಡದೆ ಕೂತಿದ್ದಕ್ಕೆ, ಅಪ್ಪ ಅಂತೂ ಇಂತೂ "ಬರೋ ತಿಂಗಳಿಂದ ಬೆಂಚಿಗೆ ಕೂತ್ಕೋ" ಅಂದಿದ್ದರು. ತಿಂಗಳಿಗೆ ಇನ್ನು ಹತ್ತು ದಿನ ಬಾಕಿ. ಆಗಲೇ ಬಂದಿದ್ದು ಡ್ರೈವರಣ್ಣ.

ಅವರು ಹೋದಮೇಲೆ ಅಪ್ಪ ಕೇಳಿದರು. "ನೀನಾ?"

"ನಾನಲ್ಲಪ್ಪಾ! ಬೇಕಾದ್ರೆ ನಿಮ್ಮ ತಲೆ ಮೇಲೆ ಆಣೆ..."

"ನನ್ನ ತಲೆ ಬಿಡು, ನಿನ್ನ ಕಿವಿ ಕೊಡಿಲ್ಲಿ."

ಬಲಗೈ ಹೆಬ್ಬೆರಳಿಂದ ಕಿವಿ ಹಿಡಿದು ತಿರುಗಿಸಿದರು. ಚಿಕ್ಕಂದಿನಲ್ಲಿ ಈ ಹಿಡಿತಕ್ಕೆ ಕಣ್ಣಲ್ಲಿ ನಕ್ಷತ್ರ ಕಾಣ್ತಿತ್ತು. ಈಗೀಗ ಅಷ್ಟೇನೂ ನೋವಾಗ್ತಿರಲಿಲ್ಲ. ಅಪ್ಪನಿಗೆ ವಯಸ್ಸಾಯ್ತು, ಮನಸ್ಸು ಮೆತ್ತಗಾಗಿದೆ ಅಂದುಕೊಂಡು ಟ್ರೇಲರ್ ಮರ್ಯಾದೆಗೆ "ಅಯ್ಯಯ್ಯೋ" ಅಂತ ಡಬ್ಬಿಂಗ್ ಕೊಡ್ತಿದ್ದ. ಅವತ್ತೂ ಕೊಟ್ಟ.

ಎರಡು ದಿನ ಬಿಟ್ಟು ಮೇಷ್ಟ್ರು ಬಂದರು. ಅವರದೂ ಅದೇ ಹಾಡು. ಹಿಂದಿನ ಬೆಂಚಿನ ಹುಡುಗರು ಚೆನ್ನಾಗೇ ಕಾಣ್ತಾರಂತೆ, ಆದರೆ ಆಟಿಕೆ ಗೊಂಬೆಗಳ ಥರ. ಪುಸ್ತಕ ಹಿಡಿದರೆ ಅಕ್ಷರ ಮಂಜು ಮಂಜು. ಸೋಮವಾರ ಮೂರನೇ ಕಂಪ್ಲೇಂಟ್, ದವಾಖಾನೆ ನರ್ಸಮ್ಮನದು. ಅವತ್ತು ಅಪ್ಪ ಕಿವಿ ಹಿಂಡಲಿಲ್ಲ. ಅದೇ ಭಯ ಆಗಿದ್ದು.

"ಶನಿವಾರ ತನಕ ಟೈಮು," ಅಂದರು ಸಣ್ಣ ದನಿಯಲ್ಲಿ. "ಯಾರು ಮಾಡ್ತಿದ್ದಾರೆ, ಹೆಂಗೆ ಮಾಡ್ತಿದ್ದಾರೆ ಅಂತ ನಿಜ ಹೇಳು. ಇಲ್ಲಾಂದ್ರೆ ಬೆಂಚು ನಿಮ್ಮ ಭಾವನಿಗೆ. ನೀನು ಜೀವನಪೂರ್ತಿ ಕೌಂಟರಲ್ಲಿ ಫ್ರೇಮ್ ಒರೆಸ್ಕೊಂಡಿರು."

ಭಾವ! ಟ್ರೇಲರ್ ತಲೆಯಲ್ಲಿ ವಿಲನ್ ಮ್ಯೂಸಿಕ್ ಶುರುವಾಯ್ತು.

ಯೋಚನೆ ಮಾಡಿ ನೋಡಿದರೆ ಎಲ್ಲಾ ಕೂಡಿ ಬರ್ತಿತ್ತು. ಅಕ್ಕನ ಗಂಡ ಅಂಗಡಿಗೆ ಬಂದು ಐದು ತಿಂಗಳು. ಬಂದ ದಿನದಿಂದಲೂ ಬಗಲಲ್ಲಿ ಒಂದು ಕ್ಯಾಟಲಾಗು. "ಮಾವ, ಈ ಮಷೀನ್ ಇಟ್ಕೊಂಡ್ರೆ ಕೈಯಲ್ಲಿ ಉಜ್ಜೋದೇ ಬೇಡ. ಒಂದು ಬಟನ್ನು, ಕೆಲಸ ಖಲಾಸ್." ಅಪ್ಪ ಪ್ರತಿ ಸಲವೂ ಆ ಕ್ಯಾಟಲಾಗನ್ನ ಮಡಚಿ ಅಲುಗಾಡೋ ಸ್ಟೂಲಿನ ಕಾಲಿಗೆ ಕೊಡೋರು. ಭಾವ ಪ್ರತಿ ಸಲವೂ ಅದನ್ನ ತೆಗೆದು ಧೂಳು ಕೊಡವಿಕೊಳ್ಳೋರು. ಕೈ ಕೆಲಸದ ಹೆಸರು ಕೆಡಿಸಿದರೆ ಮಷೀನು ಬರುತ್ತೆ, ಮೈದುನನ ಹೆಸರು ಕೆಡಿಸಿದರೆ ಬೆಂಚು ಸಿಗುತ್ತೆ. ಒಂದೇ ಟಿಕೆಟ್‌ಗೆ ಎರಡು ಸಿನಿಮಾ!

ಮಧ್ಯಾಹ್ನ ಎಲ್ಲರೂ ಕೌಂಟರ್ ಕಡೆ ಕೂತು ಊಟದ ಡಬ್ಬಿ ಬಿಚ್ಚಿದಾಗ, ಟ್ರೇಲರ್ ಚಮಚ ಎತ್ತಿ ಹಿಡಿದು ಅದರ ಒಳಗಡೆಯಿಂದ ಹಿಂದೆ ಕೂತಿದ್ದ ಭಾವನನ್ನ ನೋಡಿದ. ಚಮಚದ ಗುಳಿಯಲ್ಲಿ ಭಾವ ತಲೆಕೆಳಗಾಗಿ ನೇತಾಡ್ತಾ ಮೊಸರನ್ನ ತಿಂತಿದ್ದರು. ನೋಡೋಕೆ ಪಕ್ಕಾ ಖದೀಮನೇ. ಚಮಚ ತಿರುಗಿಸಿ ಬೆನ್ನಿಂದ ನೋಡಿದ. ಈಗ ನೆಟ್ಟಗಿದ್ದರು, ಕೆನ್ನೆ ಊದಿಸಿಕೊಂಡು. ಅವರ ಕೈಯಲ್ಲೂ ಚಮಚ ಇತ್ತು. ಅದರಿಂದ ಅವರು ಇವನನ್ನೇ ನೋಡ್ತಿದ್ದರು.

"ಏನು ನೋಡ್ತಿದ್ದೀರಿ ಭಾವ?"

"ಹಲ್ಲಲ್ಲಿ ಏನೋ ಸಿಕ್ಕಿಕೊಂಡಿದೆ. ನೀನು?"

"ನನಗೂ."

"ಇಬ್ಬರೂ ಬಾಯಿ ತೊಳ್ಕೊಂಡು ಬನ್ನಿ," ಅಂದಳು ಅಕ್ಕ. ಅಪ್ಪ ಯಾರನ್ನೂ ನೋಡದೆ ಡಬ್ಬಿ ಮುಚ್ಚಿ, "ಹತ್ತು ನಿಮಿಷ ಕಾಲಾಡಿಸ್ಕೊಂಡು ಬರ್ತೀನಿ" ಅಂತ ಎಂದಿನ ಹಾಗೆ ಹೊರಗೆ ಹೋದರು.

ಮಂಗಳವಾರ ಟ್ರೇಲರಿಗೆ ಮೊದಲ ಸಾಕ್ಷಿ ಸಿಕ್ಕಿತು. ಅದು ಅರ್ಥ ಆಗಬೇಕಾದರೆ ಅವರ ಕೆಲಸ ಹೆಂಗೆ ಅಂತ ಸ್ವಲ್ಪ ಹೇಳಬೇಕು.

ಕೆಲಸದ ಕಡೆ ಗೋಡೆಯಲ್ಲಿ ಕಬ್ಬಿಣದ ಜೋಡಿಗಳಿದ್ದವು. ಪ್ರತಿ ನಂಬರಿಗೂ ಎರಡು. ಒಂದು ನಡು ಉಬ್ಬಿರೋದು, ಇನ್ನೊಂದು ಅದರ ಮೇಲೆ ಸರಿಯಾಗಿ ಕೂರೋ ತಗ್ಗಿನದು. ಅಂಗಡಿಯಲ್ಲಿ ಅವಕ್ಕೆ ಉಬ್ಬು, ಬಟ್ಟಲು ಅಂತಲೇ ಹೆಸರು. ತಗ್ಗಿನ ಲೆನ್ಸ್ ಬೇಕಂದರೆ ಗಾಜನ್ನ ಉಬ್ಬಿನ ಮೇಲಿಟ್ಟು, ನಡುವೆ ಎಮರಿ ಅನ್ನೋ ಗಟ್ಟಿ ಕಲ್ಲಿನ ಪುಡಿ, ನೀರು ಹಾಕಿ ಉಜ್ಜಬೇಕು. ಉಜ್ಜೀ ಉಜ್ಜೀ ಕಬ್ಬಿಣವೂ ಸವೆಯುತ್ತೆ. ಸವೆದ ಉಬ್ಬನ್ನ ಸರಿ ಮಾಡೋಕೆ ಅದರ ಬಟ್ಟಲನ್ನೇ ಮೇಲಿಟ್ಟು ಒಂದಕ್ಕೊಂದು ಉಜ್ಜಬೇಕು. ಆಗ ಮೇಲಿನದು ಇನ್ನೂ ತಗ್ಗುತ್ತೆ, ಕೆಳಗಿನದು ಇನ್ನೂ ಉಬ್ಬುತ್ತೆ. ಎಷ್ಟಕ್ಕೆ ನಿಲ್ಲಿಸಬೇಕು ಅನ್ನೋದೇ ಗುಟ್ಟು. ಆ ಕೆಲಸ ಮೊದಲಿಂದ ಚಿಕ್ಕಪ್ಪನದು. ಅವರು ಆಯಾ ನಂಬರಿನ ಬಾಗಿನ ಹಾಗೇ ಕತ್ತರಿಸಿದ ಹಿತ್ತಾಳೆ ಅಳತೆಪಟ್ಟಿ ಇಟ್ಟು ಬೆಳಕಿಗೆ ಹಿಡಿದು ನೋಡೋರು. ಆರು ತಿಂಗಳ ಹಿಂದೆ ಮಂಡಿ ನೋವು ಅಂತ ಚಿಕ್ಕಪ್ಪ ಕೆಲಸ ಬಿಟ್ಟರು. ಅಳತೆಪಟ್ಟಿಗಳು ಡ್ರಾಯರ್ ಸೇರಿದವು. "ಹಿತ್ತಾಳೆಗೇನು ಗೊತ್ತು? ಕೂದಲೆಳೆ ವ್ಯತ್ಯಾಸ ಇದ್ರೂ ನನ್ನ ಹೆಬ್ಬೆರಳಿಗೆ ಗೊತ್ತಾಗುತ್ತೆ," ಅಂತ ಅಪ್ಪ ಬೆರಳಲ್ಲೇ ಮುಟ್ಟಿ ನೋಡಿ ಕೆಲಸ ಮಾಡ್ತಿದ್ದರು.

ಮಂಗಳವಾರ ಡ್ರಾಯರ್ ತೆಗೆದು ನೋಡಿದರೆ ಅಳತೆಪಟ್ಟಿಗಳ ಮೇಲೆ ಧೂಳಿಲ್ಲ. ಒಂದು ಪಟ್ಟಿ ಕಾಣೆ. ಅದು ಸಿಕ್ಕಿದ್ದು ಭಾವನ ಕ್ಯಾಟಲಾಗಿನೊಳಗೆ, ಪುಟ ಗುರುತಿಗೆ ಇಟ್ಟ ಹಾಗೆ! ಟ್ರೇಲರ್ ಅದನ್ನ ತಗೊಂಡು ಡ್ರೈವರಣ್ಣನ ನಂಬರಿನ ಉಬ್ಬಿನ ಮೇಲಿಟ್ಟು ಕಿಟಕಿಗೆ ಹಿಡಿದ. ಪಟ್ಟಿ ನಡುವೆ ಮಾತ್ರ ತಾಕಿತು, ಎರಡೂ ತುದಿಯಲ್ಲಿ ಬೆಳಕು ಇಣುಕಿತು. ಅಂದರೆ ಉಬ್ಬು ಇರಬೇಕಾದ್ದಕ್ಕಿಂತ ಜಾಸ್ತಿ ಉಬ್ಬಿದೆ. ಅದರ ಮೇಲೆ ಉಜ್ಜಿದ ಲೆನ್ಸು ಬೇಕಾದ್ದಕ್ಕಿಂತ ಜಾಸ್ತಿ ತಗ್ಗಾಗಿರುತ್ತೆ.

ಯಾರೋ ಬೇಕಂತಲೇ ಬಟ್ಟಲು ಮೇಲಿಟ್ಟು ಉಜ್ಜಿದ್ದಾರೆ. ಕಬ್ಬಿಣದ ಅಂಚಲ್ಲಿ ಎಮರಿ ಇನ್ನೂ ಒದ್ದೆ ಇತ್ತು.

"ಸಿಕ್ಕಿಬಿದ್ದೆ ಮಗನೇ," ಅಂದ ಟ್ರೇಲರ್ ಖಾಲಿ ರೂಮಿಗೆ, ಪಟ್ಟಿಯನ್ನ ಮತ್ತೆ ಕ್ಯಾಟಲಾಗಿನೊಳಗೇ ಸಿಕ್ಕಿಸಿ. "ಇನ್ಮೇಲೆ ಸೆಕೆಂಡ್ ಹಾಫು ನಂದು."

ಅಂಗಡಿ ಇದ್ದ ಕಟ್ಟಡ ಯಾವುದೋ ಕಾಲದಲ್ಲಿ ಬೀದಿಗೆಲ್ಲ ನೀರು ಬಿಡ್ತಿದ್ದ ಟ್ಯಾಂಕು. ದುಂಡಗೆ ಗೋಡೆ, ಮೇಲೆ ಬಟ್ಟಲು ಬೋರಲು ಹಾಕಿದ ಹಾಗೆ ಗುಮ್ಮಟ. ಒಳಗಡೆ ನಿಂತರೆ ದೊಡ್ಡ ಚಮಚದೊಳಗೆ ಸಿಕ್ಕಿಕೊಂಡ ಹಾಗೆ. ನಡುವೆ ಸಾಲಾಗಿ ಕಪಾಟು ನಿಲ್ಲಿಸಿ, ಈ ಕಡೆ ಕೌಂಟರ್, ಆ ಕಡೆ ಕೆಲಸ ಅಂತ ಮಾಡಿದ್ದರು. ಕಪಾಟು ಗೋಡೆಗೆ ತಾಕ್ತಿರಲಿಲ್ಲ, ಒಂದು ಗೇಣು ಸಂದಿ. ಆ ಸಂದಿಯ ಮಹಿಮೆ ಅಕ್ಕನಿಗೂ ತಮ್ಮನಿಗೂ ಚಿಕ್ಕಂದಿನಿಂದ ಗೊತ್ತು. ಒಬ್ಬರು ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ, ಮಾತು ಗೋಡೆಗುಂಟ ಸುತ್ತು ಹೊಡೆದು, ಆ ಕಡೆ ಗೋಡೆಗೆ ಕಿವಿಯಿಟ್ಟವರಿಗೆ ಪಕ್ಕದಲ್ಲೇ ಕೂತು ಹೇಳಿದ ಹಾಗೆ ಕೇಳ್ತಿತ್ತು.

ಬುಧವಾರ ಕೌಂಟರ್ ಕಡೆ ಅಕ್ಕ, ಭಾವ ಇಬ್ಬರೇ ಇದ್ದಾಗ ಟ್ರೇಲರ್ ಗೋಡೆಗೆ ಕಿವಿಯಂಟಿಸಿದ.

"ಇವತ್ತೂ ಅಳೆದೆ," ಅಂತಿತ್ತು ಭಾವನ ದನಿ. "ನಿನ್ನೆಗಿಂತ ಜಾಸ್ತಿ ಉಬ್ಬಿದೆ. ಊಟದ ಹೊತ್ತಲ್ಲೇ ಯಾರೋ ಮಾಡ್ತಿದ್ದಾರೆ. ಮೊನ್ನೆ ನಿನ್ನ ತಮ್ಮ ಬಾಯಿ ತೊಳೆಯೋಕೆ ಅಂತ ಎದ್ದು ಹೋದ್ನಲ್ಲ, ಎಷ್ಟೊತ್ತಾಯ್ತು ಬರೋಕೆ?"

"ಅವನು ಚೇಷ್ಟೆ ಮಾಡ್ತಾನೆ ರೀ, ಆದ್ರೆ ಹಿಂಗಲ್ಲ."

"ಕ್ಷೌರದಂಗಡಿ ಕತೆ ಹೇಳಿದ್ದು ನೀನೇ ತಾನೇ? ನಾಳೆ ಊಟಕ್ಕೆ ಹೊರಗಡೆ ಕೆಲಸ ಇದೆ ಅಂತ ಹೇಳ್ತೀನಿ. ಕೋಟ್ ನೇತು ಹಾಕೋ ಬೀರುವಲ್ಲಿ ಬಚ್ಚಿಟ್ಕೊಂಡು ನೋಡ್ತೀನಿ. ಮಾವನಿಗೆ ಹೇಳಬೇಡ."

ಟ್ರೇಲರ್ ಗೋಡೆಯಿಂದ ಕಿವಿ ಕಿತ್ತುಕೊಂಡ. ಇದೇನು ಕತೆ ಗುರೂ? ವಿಲನ್ನೇ ಪೊಲೀಸಾ? ಇಲ್ಲ, ನಾಟಕ ಇರಬಹುದು. ಹೆಂಡತಿ ಮುಂದೆ ಒಳ್ಳೆಯವನಾಗೋ ಪ್ಲಾನು. ನಾಳೆ ಆ ಬೀರುವಲ್ಲಿ ಭಾವ ಇರಲ್ಲ, ಬೆಂಚಿನ ಹತ್ತಿರ ಬಟ್ಟಲು ಹಿಡ್ಕೊಂಡಿರ್ತಾರೆ. ಹಾಗಾದ್ರೆ ಬೀರು ಖಾಲಿ. ಹಾಗಾದ್ರೆ ಬೀರುವಲ್ಲಿ ಕೂತು ನೋಡೋನು ನಾನೇ.

ಗುರುವಾರ ಒಂದು ಗಂಟೆಗೆ "ಹೊಟ್ಟೆ ಸರಿ ಇಲ್ಲ, ಊಟ ಬೇಡ" ಅಂತ ಟ್ರೇಲರ್ ಎದ್ದ. ಹಿಂಬಾಗಿಲಿಂದ ಬೆಕ್ಕಿನ ಥರ ಬಂದು, ಬೀರುವಿನ ಬಾಗಿಲು ಮೆಲ್ಲಗೆ ತೆಗೆದ.

ಒಳಗೆ ಭಾವ ಇದ್ದರು. ಕೋಟುಗಳ ನಡುವೆ, ಮೊಣಕಾಲು ಗಲ್ಲಕ್ಕೆ ತಾಕಿಸಿಕೊಂಡು, ಕೈಯಲ್ಲಿ ಹಿತ್ತಾಳೆ ಪಟ್ಟಿ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ಸಿಕ್ಕಿಬಿದ್ದೆಯಾ?" ಅಂದರು ಭಾವ.

"ನೀವು ಸಿಕ್ಕಿಬಿದ್ರಿ!"

"ನಾನು ಕಳ್ಳನ್ನ ಹಿಡಿಯೋಕೆ ಕೂತಿದ್ದೀನಿ."

"ನಾನೂ ಅದಕ್ಕೇ ಬಂದಿದ್ದು."

ಅಷ್ಟರಲ್ಲಿ ಹಿಂಬಾಗಿಲ ಚಿಲಕ ಸದ್ದಾಯ್ತು. ಭಾವ ಇವನ ಕಾಲರ್ ಹಿಡಿದು ಒಳಗೆ ಎಳಕೊಂಡರು. ಒಬ್ಬರಿಗೇ ಜಾಗ ಇಲ್ಲದ ಬೀರು ಹೌಸ್‌ಫುಲ್ ಆಯ್ತು. ಭಾವನ ಮೊಣಕೈ ಟ್ರೇಲರಿನ ಬಗಲಲ್ಲಿ, ಟ್ರೇಲರಿನ ಮೂಗು ಯಾವುದೋ ಹಳೇ ಕೋಟಿನ ಜೇಬಲ್ಲಿ. ಬಾಗಿಲ ಸಂದಿಯಿಂದ ಒಂದೊಂದೇ ಕಣ್ಣು ಹೊರಗೆ.

ಒಳಗೆ ಬಂದವರು ಅಪ್ಪ.

ಕಾಲಾಡಿಸೋಕೆ ಹೋಗಿದ್ದ ಅಪ್ಪ! ಅವರು ಆ ಕಡೆ ಈ ಕಡೆ ನೋಡಿದರು. ಥೇಟ್ ಕಳ್ಳನ ಹಾಗೆ. ಗೋಡೆಯಿಂದ ಉಬ್ಬು ಇಳಿಸಿ ಬೆಂಚಿನ ಮೇಲಿಟ್ಟು, ಕಣ್ಣು ಮುಚ್ಚಿ, ಬಲಗೈ ಹೆಬ್ಬೆರಳನ್ನ ಅದರ ನೆತ್ತಿ ಮೇಲೆ ಒತ್ತಿದರು. ಮೆಲ್ಲಗೆ ಸುತ್ತ ಆಡಿಸಿದರು. ಮುಖ ಹುಳ್ಳಗಾಯ್ತು.

"ಮತ್ತೆ ಚಪ್ಪಟೆ ಮಾಡಿದ್ದಾನೆ," ಅಂದರು ತಮ್ಮಷ್ಟಕ್ಕೆ. "ದಿನಾ ನಾನು ಸರಿ ಮಾಡೋದು, ದಿನಾ ಇವನು ಕೆಡಿಸೋದು. ಕಳ್ ನನ್ಮಗ."

ಬಟ್ಟಲು ಇಳಿಸಿದರು. ಎಮರಿ ಹಾಕಿದರು. ಬಟ್ಟಲನ್ನ ಮೇಲಿಟ್ಟು ಗರಗರ ಉಜ್ಜಿದರು. ಮತ್ತೆ ಹೆಬ್ಬೆರಳು. ಮತ್ತೆ ಉಜ್ಜು. ಕೊನೆಗೆ ತಲೆದೂಗಿ, ಎಲ್ಲಾ ತೊಳೆದು ನೇತು ಹಾಕಿ, ಕೈ ಒರೆಸಿಕೊಂಡು, ಕಾಲಾಡಿಸಿ ಬಂದವರ ಹಾಗೆ ಹಿಂದಿನಿಂದ ಸುತ್ತಿಕೊಂಡು ಮುಂಬಾಗಿಲ ಕಡೆ ಹೋದರು.

ಬೀರುವೊಳಗೆ ಭಾವ ಮುಖದ ಮೇಲಿದ್ದ ಕೋಟಿನ ತೋಳು ಸರಿಸಿ ಟ್ರೇಲರ್ ಕಡೆ ತಿರುಗಿದರು.

"ಕಳ್ ನನ್ಮಗ ಅಂದಿದ್ದು ನಿನಗೆ," ಅಂದರು ಭಾವ.

"ಗೊತ್ತಾಯ್ತು, ಕಾಲು ತೆಗೀರಿ."

ಹೊರಗೆ ಉರುಳಿ ಬಿದ್ದು ನೋಡಿದರೆ ಎದುರಿಗೆ ಅಕ್ಕ, ಸೊಂಟದ ಮೇಲೆ ಕೈ. ಕಪಾಟಿನ ಸಂದಿಯಿಂದ ಅವಳೂ ಎಲ್ಲಾ ನೋಡಿದ್ದಳು. "ಅಂತೂ ಇಬ್ಬರೂ ಅಲ್ಲ ಅಂತಾಯ್ತು."

"ನಿನಗೆ ನನ್ನ ಮೇಲೂ ಅನುಮಾನ ಇತ್ತಾ?" ಅಂದರು ಭಾವ.

"ಇಲ್ದೆ? ಐದು ತಿಂಗಳಿಂದ ಆ ಕ್ಯಾಟಲಾಗನ್ನ ದಿಂಬಿನ ಕೆಳಗೆ ಇಟ್ಕೊಂಡು ಮಲಗ್ತೀರ. ನಿನ್ನೆ ನಿಮ್ಮನ್ನ ಗೋಡೆ ಪಕ್ಕಕ್ಕೆ ಕರ್ಕೊಂಡು ಹೋಗಿ ಮಾತಾಡ್ಸಿದ್ದು ಯಾಕೆ ಅನ್ಕೊಂಡ್ರಿ? ಇವನಿಗೆ ಕೇಳಲಿ ಅಂತ. ತಪ್ಪು ಮಾಡಿದ್ರೆ ಇವನು ಇವತ್ತು ಈ ಕಡೆ ತಲೆನೂ ಹಾಕ್ತಿರಲಿಲ್ಲ."

ಮನೆಯಲ್ಲಿ ಡೈರೆಕ್ಟರ್ ಬೇರೆಯೇ ಇದ್ದಾರೆ ಅಂತ ಅವತ್ತೇ ಟ್ರೇಲರಿಗೆ ಗೊತ್ತಾಗಿದ್ದು.

ಭಾವ ಪಟ್ಟಿ ಇಟ್ಟು ನೋಡಿದರು. ತುದಿಯ ಬೆಳಕು ಇನ್ನಷ್ಟು ಅಗಲವಾಗಿತ್ತು. "ಅವರ ಪ್ರಕಾರ ಇದು ಸರಿಯಾಗಿದೆ. ಪಟ್ಟಿ ಪ್ರಕಾರ ಕೆಟ್ಟಿದೆ. ಯಾರಾದ್ರೂ ಅವರಿಗೆ ಹೇಳಬೇಕು. ನಾನು ಹೇಳಿದ್ರೆ ಮಷೀನ್ ತರೋಕೆ ನಾಟಕ ಅಂತಾರೆ."

"ನಾನು ಹೇಳಿದ್ರೆ ಗಂಡ ಕಲಿಸಿಕೊಟ್ಟ ಅಂತಾರೆ," ಅಂದಳು ಅಕ್ಕ.

"ನಾನು ಹೇಳಿದ್ರೆ ಕಿವಿ..." ಅಂದವನು ಟ್ರೇಲರ್ ಅಲ್ಲೇ ನಿಂತ. ಕೈ ತಾನಾಗೇ ಕಿವಿಗೆ ಹೋಯ್ತು. ಅಪ್ಪ ಹಿಂಡಿದಾಗ ಈಗೀಗ ಯಾಕೆ ನೋವಾಗಲ್ಲ? ಹಿಡಿತ ಸಡಿಲ ಇರಲಿಲ್ಲ, ತೋರುಬೆರಳು ಒತ್ತೋದು ಚೆನ್ನಾಗೇ ಗೊತ್ತಾಗ್ತಿತ್ತು. ಈ ಕಡೆ ಹೆಬ್ಬೆರಳು ಮಾತ್ರ ಒತ್ತುತ್ತಿರಲಿಲ್ಲ. ಕಿವಿಯ ತುದಿ ಅದರೊಳಗೆ ಮೆತ್ತಗೆ ಕೂತುಬಿಡ್ತಿತ್ತು, ಗೂಡಿಗೆ ಹಕ್ಕಿ ಸೇರಿದ ಹಾಗೆ.

ಒಳಗೆ! ಬೆರಳಿಗೆ ಒಳಗಡೆ ಎಲ್ಲಿಂದ ಬಂತು?

ಅವನು ಬೆಂಚಿನ ಮೇಲಿದ್ದ ಒತ್ತುಗೋಲು ತೆಗೆದುಕೊಂಡ. ಗಾಜನ್ನ ಉಬ್ಬಿನ ಮೇಲೆ ಒತ್ತಿ ಹಿಡಿಯೋ ಕೋಲು, ತುದಿಗೆ ಗೋಲಿಯಷ್ಟು ದುಂಡು ಗುಂಡಿ. ಅದರ ಮೇಲೆ ಹೆಬ್ಬೆರಳು ಇಟ್ಟು ಅಪ್ಪ ನಲವತ್ತು ವರ್ಷ ಉಜ್ಜಿದ್ದಾರೆ. ಕಬ್ಬಿಣವೇ ಸವೆಯುತ್ತೆ ಅಂದ ಮೇಲೆ ಬೆರಳು ಸವೆಯಲ್ವಾ? ಬೆರಳೇ ಬಟ್ಟಲಾಗಿದ್ದರೆ ಉಬ್ಬು ಅದರಲ್ಲಿ ಹೋಗಿ ಕೂರುತ್ತೆ. ಉಬ್ಬೇ ಇಲ್ಲ, ಚಪ್ಪಟೆ ಅನಿಸುತ್ತೆ. ಚಪ್ಪಟೆ ಅನಿಸಿದರೆ ಮತ್ತೆ ಉಜ್ಜು. ಇಷ್ಟು ವರ್ಷ ಚಿಕ್ಕಪ್ಪನ ಪಟ್ಟಿ ಕಾಪಾಡಿತ್ತು. ಆರು ತಿಂಗಳಿಂದ ಇಡೀ ಅಂಗಡಿಗೆ ಅಳತೆ ಅಂತ ಇದ್ದಿದ್ದು ಆ ಬೆರಳೊಂದೇ.

"ಗೊತ್ತಾಯ್ತು ಕಣೋ," ಅಂದರು ಎಲ್ಲಾ ಕೇಳಿದ ಭಾವ. ದನಿಯಲ್ಲಿ ಮೊದಲ ಸಲ ಮರ್ಯಾದೆ ಇತ್ತು. "ಆದ್ರೆ ನಂಬಿಸೋದು ಹೆಂಗೆ?"

"ಅದು ಕ್ಲೈಮ್ಯಾಕ್ಸಿಗೆ ಬಿಡಿ."

ಶನಿವಾರ ಬೆಳಗ್ಗೆ ಅಪ್ಪ ಬೆಂಚಿನ ಮುಂದೆ ಕೈಕಟ್ಟಿ ನಿಂತರು. "ಹೇಳು."

ಟ್ರೇಲರ್ ಹೇಳಲಿಲ್ಲ. ಲೆನ್ಸ್ ಪಾಲಿಶ್ ಮಾಡೋಕೆ ಬಳಸೋ ಕರಿ ಅರಗನ್ನ ಬಾಣಲೆಯಲ್ಲಿ ಬಿಸಿ ಮಾಡಿ ತಂದು, ತಟ್ಟೆಗೆ ಸುರಿದು, ಹಿಟ್ಟಿನ ಹದಕ್ಕೆ ಬರೋ ತನಕ ಕಾದ. "ಎಲ್ಲರೂ ಬಲಗೈ ಹೆಬ್ಬೆರಳು ಒದ್ದೆ ಮಾಡಿ ಒಂದೊಂದು ಒತ್ತು ಒತ್ತಬೇಕು. ಮೊದಲು ಅಕ್ಕ."

"ಇದೇನು ಕಿತಾಪತಿ?" ಅಪ್ಪನ ಕಣ್ಣು ಸಣ್ಣದಾಯ್ತು.

"ಕೊನೇದು ಅಪ್ಪಾ. ಇದಾದ್ಮೇಲೆ ನೀವೇನು ಅಂದ್ರೂ ಸರಿ. ಜೀವನಪೂರ್ತಿ ಫ್ರೇಮ್ ಒರೆಸ್ತೀನಿ."

ಅಕ್ಕ ಒತ್ತಿದಳು. ಗುಳಿ ಬಿತ್ತು. ಭಾವ ಒತ್ತಿದರು, ದೊಡ್ಡ ಗುಳಿ. ಟ್ರೇಲರ್ ಒತ್ತಿದ. ಅಪ್ಪ ಮೂವರ ಮುಖವನ್ನೂ ಒಂದೊಂದಾಗಿ ನೋಡಿ, ತಟ್ಟೆಯನ್ನ ಎತ್ತಿ ತಳ ನೋಡಿ, ಮೂಸಿ, ಆಮೇಲೆ ಒತ್ತಿದರು.

ಅಪ್ಪನ ಗುಳಿಯ ನಡುವೆ ಒಂದು ಸಣ್ಣ ಗುಡ್ಡ ಎದ್ದಿತ್ತು. ಬೇಳೆಕಾಳಿನಷ್ಟು, ದುಂಡಗೆ, ಹೊಳೀತಾ. ಅದರ ಸುತ್ತ ಕಂದಕ.

ಅಪ್ಪ ಭೂತಕನ್ನಡಿ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ಟ್ರೇಲರ್ ಉಬ್ಬಿನ ಮೇಲೆ ಹಿತ್ತಾಳೆ ಪಟ್ಟಿ ಇಟ್ಟು, ಬೆಳಕಿಗೆ ತಿರುಗಿಸಿ ತೋರಿಸಿದ.

"ಅರಗಿನ ಕೆಳಗೆ ಏನೋ ಇಟ್ಟಿದ್ದೀಯ."

"ಇಲ್ಲಪ್ಪಾ."

"ಪಟ್ಟಿನೂ ತಿದ್ದಿದ್ದೀಯ. ಇವನೂ ಸೇರ್ಕೊಂಡಿದ್ದಾನೆ," ಅಂತ ಅಳಿಯನ ಕಡೆ ತಿರುಗಿದರು. "ನೀನೂ," ಅಂತ ಮಗಳಿಗೆ. "ಮೂರೂ ಜನ ಆಚೆ ನಡೀರಿ. ನಾನೇ ಅರಗು ಕಾಯಿಸ್ತೀನಿ, ನಾನೇ ಸುರೀತೀನಿ."

ಮೂವರೂ ಕೌಂಟರ್ ಕಡೆ ಬಂದರು. ಯಾರೂ ಹೇಳಲಿಲ್ಲ, ಆದರೆ ಮೂವರ ಕಾಲೂ ಗೋಡೆಯ ಕಡೆಗೇ ಹೋದವು. ಕೆಳಗೆ ಟ್ರೇಲರ್, ಅವನ ಮೇಲೆ ಅಕ್ಕ, ಅವಳ ಮೇಲೆ ಭಾವ, ಮೂರು ಕಿವಿ ಸಾಲಾಗಿ. ಬಾಣಲೆ ಇಟ್ಟ ಸದ್ದು. ಸ್ಟವ್ ಹತ್ತಿದ ಸದ್ದು. ಅರಗು ಸುರಿದದ್ದು. ಆಮೇಲೆ ಏನೂ ಇಲ್ಲ. ಈ ಸಲ ಟ್ರೇಲರಿಗೆ ಯಾವ ಮ್ಯೂಸಿಕ್ಕೂ ನೆನಪಾಗಲಿಲ್ಲ. ಅಪ್ಪ ನಂಬದೇ ಹೋದರೆ ಬೆಂಚು ಹೋಯ್ತು. ನಂಬಿದರೆ? ಅದರ ಬಗ್ಗೆ ಅವನು ಈ ತನಕ ಯೋಚನೆಯೇ ಮಾಡಿರಲಿಲ್ಲ. ನಂಬಿದರೆ ಅಪ್ಪನ ಕೈಯಲ್ಲಿ ಉಳಿಯೋದೇನು?

ಆಗ ಗೋಡೆಗುಂಟ ಒಂದು ಪಿಸುಮಾತು ಬಂತು. ಕಿವಿಯ ಪಕ್ಕದಲ್ಲೇ.

"ನಲವತ್ತು ವರ್ಷ ನಿನ್ನನ್ನೇ ನಂಬಿದ್ದೆನಲ್ಲೋ."

ನನಗೇ ಹೇಳ್ತಿದ್ದಾರೆ ಅಂದುಕೊಂಡು ಟ್ರೇಲರ್ ಬೆಚ್ಚಿಬಿದ್ದ. ಅವನ ವಯಸ್ಸೇ ಇಪ್ಪತ್ತಮೂರು ಅಂತ ಆಮೇಲೆ ಹೊಳೆಯಿತು. ಅಪ್ಪ ಮಾತಾಡ್ತಿದ್ದಿದ್ದು ಹೆಬ್ಬೆರಳಿನ ಜೊತೆ. ಅಕ್ಕ ಗೋಡೆಯಿಂದ ಕಿವಿ ತೆಗೆದು, ಒರೆಸಿದ ಫ್ರೇಮನ್ನೇ ಮತ್ತೆ ಒರೆಸೋಕೆ ಶುರು ಮಾಡಿದಳು.

ಅಪ್ಪ ಹೊರಗೆ ಬಂದಾಗ ಕಣ್ಣು ಕೆಂಪಗಿತ್ತು. ಅರಗಿನ ಹೊಗೆ ಅಂತ ಕೇಳದೇನೇ ಹೇಳಿದರು.

"ಡ್ರೈವರಣ್ಣನಿಗೆ ಫೋನ್ ಮಾಡಮ್ಮ. ಮೇಷ್ಟ್ರಿಗೆ, ನರ್ಸಮ್ಮನಿಗೂ. ಆರು ತಿಂಗಳಿಂದ ತಗ್ಗಿನ ಲೆನ್ಸ್ ತಗೊಂಡು ಹೋದೋರೆಲ್ಲ ವಾಪಸ್ ತರಲಿ. ತಪ್ಪು ಯಾರದು ಅಂತ ಕೇಳಿದ್ರೆ ಫೋನ್ ನನಗೆ ಕೊಡು. ನಾನೇ ಹೇಳ್ತೀನಿ." ಆಮೇಲೆ ಅಳಿಯನ ಕಡೆ ಕೈ ಚಾಚಿದರು. "ಪಟ್ಟಿ ಕೊಡಪ್ಪ."

ಭಾವ ಕೊಟ್ಟರು. ಸಿಕ್ಕಿದ್ದೇ ಚಾನ್ಸು ಅಂತ ಬಾಯಿ ತೆಗೆದರು, "ಮಾವ, ಮಷೀನು..."

"ಸ್ಟೂಲ್ ಅಲುಗಾಡ್ತಿದೆ. ಕ್ಯಾಟಲಾಗ್ ಕೊಡು."

ಬೆಂಚಿನ ಹತ್ತಿರ ಬಂದು ಅಪ್ಪ ಮಗನ ಬಲಗೈ ಹಿಡಿದರು. ಹೆಬ್ಬೆರಳನ್ನ ಭೂತಕನ್ನಡಿಯಲ್ಲಿ ಎಲ್ಲಾ ಕಡೆಯಿಂದಲೂ ನೋಡಿದರು, ಕದ್ದ ಮಾಲೋ ಅಸಲಿ ಮಾಲೋ ಅಂತ ನೋಡೋ ಹಾಗೆ.

"ಇನ್ನೂ ತುಂಬಿಕೊಂಡಿದೆ. ಕೂತ್ಕೋ."

ಟ್ರೇಲರ್ ಕೂತ. ಮೂರು ವರ್ಷ ಕಾದಿದ್ದ ಜಾಗ. ಸೀಟು ನಡುವೆ ತಗ್ಗಾಗಿತ್ತು, ಅಪ್ಪನ ಅಳತೆಗೆ. ಇವನು ಅದರಲ್ಲಿ ಹೋಗಿ ಸರಿಯಾಗಿ ಕೂತುಬಿಟ್ಟ.

"ನಿನ್ನ ಮೇಲೆ ನಂಬಿಕೆ ಬಂತು ಅನ್ಕೋಬೇಡ," ಅಂದರು ಅಪ್ಪ ಹಿಂದಿನಿಂದ. "ನನ್ನ ಬೆರಳ ಮೇಲೇ ಇಲ್ಲ, ನಿನ್ನ ಮೇಲೆ ಎಲ್ಲಿಂದ ಬರುತ್ತೆ? ಮೊದಲು ಮುಟ್ಟಿ ಹೇಳು, ಆಮೇಲೆ ನಾನು ಪಟ್ಟಿ ಇಡ್ತೀನಿ. ಪ್ರತಿ ಸಲ."

ಟ್ರೇಲರ್ ಹೆಬ್ಬೆರಳು ಒತ್ತಿದ. ತಣ್ಣನೆ ಕಬ್ಬಿಣ ಬೆರಳನ್ನ ತಿರುಗಿ ಒತ್ತಿತು, ಬದುಕಿರೋದರ ಹಾಗೆ. "ಜಾಸ್ತಿ ಉಬ್ಬಿದೆ. ಉಬ್ಬನ್ನ ಮೇಲಿಟ್ಟು, ಬಟ್ಟಲನ್ನ ಕೆಳಗಿಟ್ಟು ಉಜ್ಜಬೇಕು. ಆಗ ಇಳಿಯುತ್ತೆ."

ಪಟ್ಟಿ ಇಟ್ಟು ನೋಡಿದ ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅಷ್ಟು ಸಾಕಾಯ್ತು ಟ್ರೇಲರಿಗೆ. ಎದೆ ಉಬ್ಬಿಸಿ, ಎದ್ದು ನಿಂತು, ಒತ್ತುಗೋಲನ್ನ ಕತ್ತಿಯ ಹಾಗೆ ಮೇಲೆತ್ತಿದ.

"ಕೇಳ್ರಪ್ಪೋ ಕೇಳಿ! ಇವತ್ತಿಂದ ಈ ಬೆಂಚು, ಈ ಬಟ್ಟಲು, ಈ ಗುಮ್ಮಟದ ಕೆಳಗಿರೋ ಪ್ರತಿಯೊಂದು ಗಾಜಿನ ಮೇಲೂ ಒಬ್ಬನೇ ಒಬ್ಬ..."

ಕಿವಿಗೆ ಎರಡು ಬೆರಳು ಬಿದ್ದವು. ಎಡಗೈ ಬೆರಳು. ಯಾವ ಗುಂಡಿಯನ್ನೂ ಯಾವತ್ತೂ ಒತ್ತದ, ಚೂರೂ ಸವೆಯದ, ಕಲ್ಲಿನ ಹಾಗೆ ತುಂಬಿಕೊಂಡಿದ್ದ ಹೆಬ್ಬೆರಳು. ನಕ್ಷತ್ರಗಳೆಲ್ಲ ಒಟ್ಟಿಗೇ ಕಂಡವು. "ಅಯ್ಯಯ್ಯೋ" ಅಂತ ಹೊರಟ ಕೂಗು ಗುಮ್ಮಟಕ್ಕೆ ಬಡಿದು, ಗೋಡೆಗುಂಟ ಸುತ್ತು ಹೊಡೆದು, ಕೌಂಟರಲ್ಲಿ ಫೋನ್ ಹಿಡಿದಿದ್ದ ಅಕ್ಕನ ಕಿವಿ ತಲುಪಿತು. ಅವಳು ಕಿಸಕ್ ಅಂತ ನಕ್ಕಳು.

ಈ ಸಲ ಡಬ್ಬಿಂಗ್ ಬೇಕಾಗಲಿಲ್ಲ.